ವಾರ್ಡ್‌ಬಾಯ್ ಕೊನೆತನಕ ವಾರ್ಡ್‌ಬಾಯೇ ಆಗಿರಬೇಕೇ?

ಲಾರಿಯ ಕ್ಲೀನರ್ ನಾಲ್ಕಾರು ವರ್ಷದಲ್ಲಿ ಡ್ರೈವರ್ ಆಗುತ್ತಾನೆ. ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹುಡುಗ ತಕ್ಕಡಿ ಹಿಡಿಯುತ್ತಾನೆ, ಲೆಕ್ಕ ಬರೆಯುತ್ತಾನೆ, ಒಂದು ದಿನ ಪಕ್ಕದ ಬೀದಿಯಲ್ಲಿ ತನ್ನದೇ ಅಂಗಡಿಯ ಬಾಗಿಲು ತೆಗೆಯುತ್ತಾನೆ. ಟೇಬಲ್ ಒರೆಸುತ್ತಿದ್ದ ಮಾಣಿ ಅಡಿಗೆಯವನಾಗಿ, ಅಡಿಗೆಯವನು ಹೋಟೆಲ್ ಮಾಲೀಕನಾದ ಕಥೆಗಳು ನಮ್ಮೂರಲ್ಲೇ ಬೇಕಾದಷ್ಟಿವೆ. ಆದರೆ ಆಸ್ಪತ್ರೆಗೆ ವಾರ್ಡ್‌ಬಾಯ್ ಆಗಿ ಸೇರಿದವನ ಗತಿ ಏನು? ವಾರ್ಡ್‌ಬಾಯ್ ಆಗಿಯೇ ತಲೆ ನರೆಯುತ್ತದೆ, ವಾರ್ಡ್‌ಬಾಯ್ ಆಗಿಯೇ ಮನೆಗೆ ಹೋಗುತ್ತಾನೆ. ಯಾಕೆ ಸ್ವಾಮಿ?

ಈ ಪ್ರಶ್ನೆ ನಮ್ಮ ತಲೆ ಹೊಕ್ಕಿದ್ದು ಹೋದ ತಿಂಗಳು. ಗಂಜ್‌ನ ಹಿರಿಯ ವರ್ತಕರೊಬ್ಬರಿಗೆ ಲಕ್ವ ಹೊಡೆದು, ಎಡಗೈ ಎಡಗಾಲು ಸ್ವಾಧೀನ ತಪ್ಪಿ ಊರಿನ ಆಸ್ಪತ್ರೆಯೊಂದರಲ್ಲಿ ಮಲಗಿದ್ದರು. ನೋಡಿ ಬರೋಣವೆಂದು ಹೋದೆವು. ಆ ಆಸ್ಪತ್ರೆಗೆಲ್ಲ ಫಿಸಿಯೋಥೆರಪಿಸ್ಟ್ ಒಬ್ಬರೇ. ಪಾಪ, ಬೆಳಿಗ್ಗೆ ಬಂದು ಹತ್ತು ನಿಮಿಷ ಕೈಕಾಲು ಆಡಿಸಿ, ಹೀಗೆ ಹೀಗೆ ಮಾಡಿಸಿ ಎಂದು ಹೇಳಿ ಮುಂದಿನ ವಾರ್ಡಿಗೆ ಓಡಿದರು. ಅವರು ಹೋದ ಮೇಲೆ ಯಜಮಾನರ ಮಗ ತಂದೆಯನ್ನು ಕೂರಿಸಲೆಂದು ಆ ಸೋತ ಎಡಗೈಯನ್ನೇ ಹಿಡಿದು ಎಳೆಯಲು ಹೋದ. ಬಾಗಿಲಲ್ಲಿದ್ದ ವಾರ್ಡ್‌ಬಾಯ್ ಓಡಿ ಬಂದ.

‘ಅಣ್ಣಾ, ಆ ಕೈ ಎಳೀಬ್ಯಾಡ್ರಿ. ಸತ್ವ ಇಲ್ಲದ ಕೈ ಅದು, ಭುಜದ ಕೀಲು ಜಾರ್ತದೆ. ಬೆನ್ನಿಗೆ ಕೈ ಕೊಡ್ರಿ.’

ಹೇಳಿದ್ದಷ್ಟೇ ಅಲ್ಲ, ತಾನೇ ಯಜಮಾನರನ್ನು ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗೆ ಬಿಟ್ಟು, ಹೂವು ಎತ್ತಿದ ಹಾಗೆ ಕೂರಿಸಿಬಿಟ್ಟ. ಹೊರಗುತ್ತಿಗೆ ಏಜೆನ್ಸಿಯಿಂದ ಬಂದ ಹುಡುಗ. ಏಳು ವರ್ಷದ ಸರ್ವಿಸು. ಇಂಥ ಎಷ್ಟು ಜನರನ್ನು ಹೊರಳಿಸಿದ್ದಾನೋ, ಎಬ್ಬಿಸಿದ್ದಾನೋ, ನಡೆಸಿದ್ದಾನೋ, ಅವನಿಗೇ ಲೆಕ್ಕವಿಲ್ಲ.

‘ಇಷ್ಟು ಗೊತ್ತಿದೆಯಲ್ಲಪ್ಪ, ನೀನೇ ಯಾಕೆ ಫಿಸಿಯೋಥೆರಪಿ ಓದಬಾರದು?’ ಎಂದೆವು.

ನಕ್ಕ. ‘ಪಿಯುಸಿ ಸೈನ್ಸ್ ಪಾಸಾಗೀನಿ ಸಾರ್. ಆಸೆ ಇಲ್ಲ ಅಂತಲ್ಲ. ಕಾಲೇಜು ದಿನಪೂರ್ತಿ. ನಾಲ್ಕೂವರೆ ವರ್ಷ ಪಗಾರ ಬಿಟ್ಟು ಫೀಸು ಕಟ್ಕೊಂಡು ಕೂತ್ರೆ ಮನೇಲಿ ಒಲೆ ಯಾರು ಹಚ್ಚೋರು?’

ಅಲ್ಲಿಗೆ ಮಾತು ಮುಗಿಯಿತು. ಓದಬೇಕೋ, ಉಣ್ಣಬೇಕೋ? ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಬಡವನನ್ನು ಕೇಳಿದರೆ ಅವನು ಏನು ಹೇಳಬೇಕು?

ಕಡಲಾಚೆಯ ಕಥೆ

ಇದಾದ ನಾಲ್ಕು ದಿನಕ್ಕೆ ನಮ್ಮ ಕಚೇರಿಗೆ ನಮ್ಮೂರ ಹೆಣ್ಣುಮಗಳೊಬ್ಬಳು ಬಂದಿದ್ದಳು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್, ರಜೆಗೆ ಬಂದವಳು. ವಾರ್ಡ್‌ಬಾಯ್ ಸಂಗತಿ ಹೇಳಿದೆವು. ಅವಳು ಹೇಳಿದ ಉತ್ತರ ಕೇಳಿ ನಮಗೆ ಕುರ್ಚಿಯಲ್ಲಿ ನೆಟ್ಟಗೆ ಕೂರುವ ಹಾಗಾಯಿತು.

‘ನಮ್ಮ ವಾರ್ಡಿನಲ್ಲೇ ಒಬ್ಬಾಕೆ ಇದ್ದಾಳೆ ಸಾರ್. ಹತ್ತು ವರ್ಷ ಥೆರಪಿ ಅಸಿಸ್ಟೆಂಟ್ ಆಗಿದ್ದಳು. ಅಂದ್ರೆ ನಮ್ಮ ಕಡೆ ಆಯಾ, ವಾರ್ಡ್‌ಬಾಯ್‌ಗಿಂತ ಒಂದು ಮೆಟ್ಟಿಲು ಮೇಲೆ. ಇಬ್ಬರು ಮಕ್ಕಳ ತಾಯಿ. ಈಗ ಫಿಸಿಯೋಥೆರಪಿ ಡಿಗ್ರಿ ಓದ್ತಿದ್ದಾಳೆ. ಕೆಲಸ ಬಿಟ್ಟಿಲ್ಲ. ಸಂಬಳ ನಿಂತಿಲ್ಲ. ಫೀಸು ಒಂದು ಪೈಸೆ ಕಟ್ಟಿಲ್ಲ.’

ಇದು ದಾನವೂ ಅಲ್ಲ, ಪವಾಡವೂ ಅಲ್ಲ. ಇದಕ್ಕೆ ಅಲ್ಲಿ ಪದವಿ ಅಪ್ರೆಂಟಿಸ್‌ಶಿಪ್ ಎಂದು ಹೆಸರು. ಅಪ್ರೆಂಟಿಸ್ ಎಂದರೆ ನಮಗೆ ಹೊಸತೇ? ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ, ನೀವು ದಿನಾ ಬಸ್ ಹತ್ತುವ ಸಾರಿಗೆ ನಿಗಮದ ಡಿಪೋಗಳಲ್ಲಿ ಐಟಿಐ ಮುಗಿಸಿದ ಹುಡುಗರು ಅಪ್ರೆಂಟಿಸ್ ಆಗಿ ಎಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿಯುತ್ತಾರೆ. ಆ ಪದ್ಧತಿಯನ್ನೇ ಇಂಗ್ಲೆಂಡಿನವರು ಡಿಗ್ರಿಯವರೆಗೆ ಎಳೆದಿದ್ದಾರೆ. ಆಸ್ಪತ್ರೆ ಕೆಲಸ ಕೊಡುತ್ತದೆ, ಸಂಬಳ ಕೊಡುತ್ತದೆ. ವಿಶ್ವವಿದ್ಯಾಲಯ ಪಾಠ ಹೇಳುತ್ತದೆ. ವಾರದಲ್ಲಿ ಕೆಲವು ದಿನ ವಾರ್ಡು, ಉಳಿದದ್ದು ಪುಸ್ತಕ. ಕೆಲವು ಕಡೆ ವಾರಕ್ಕೊಂದು ದಿನ ಪಾಠ, ಕೆಲವು ಕಡೆ ಒಟ್ಟಿಗೇ ಕೆಲವು ವಾರ. ಕಲಿಯುವ ಗಂಟೆಗಳೂ ಸಂಬಳದ ಗಂಟೆಗಳೇ. ದಿನಪೂರ್ತಿ ಕಾಲೇಜಿಗೆ ಹೋಗುವವರು ಅಲ್ಲಿ ಸಾಮಾನ್ಯವಾಗಿ ಮೂರು ವರ್ಷದಲ್ಲಿ ಮುಗಿಸುವುದನ್ನು ಇವರು ಸುಮಾರು ನಾಲ್ಕು ವರ್ಷದಲ್ಲಿ ಮುಗಿಸುತ್ತಾರೆ.

ಹಾಗಾದರೆ ಇವರದು ಅರ್ಧ ಡಿಗ್ರಿಯೋ? ಸೆಕೆಂಡ್ ಕ್ಲಾಸ್ ಡಬ್ಬಿಯೋ? ಅಲ್ಲ ಎಂಬುದೇ ಇಲ್ಲಿಯ ಮುಖ್ಯ ಮಾತು. ಪದವಿ ಒಂದೇ. ರೋಗಿಗಳ ನಡುವೆ ಮೇಲ್ವಿಚಾರಣೆಯಲ್ಲಿ ಕನಿಷ್ಠ 1,000 ಗಂಟೆ ಕಲಿತಿರಬೇಕೆಂಬುದು ಅಲ್ಲಿಯ ಫಿಸಿಯೋಥೆರಪಿ ಸಂಘದ ಕಟ್ಟಳೆ. ಅದು ಕಾಲೇಜಿನ ಮಕ್ಕಳಿಗೂ ಅಷ್ಟೇ, ಅಪ್ರೆಂಟಿಸ್‌ಗೂ ಅಷ್ಟೇ. ತಾನು ಹತ್ತು ವರ್ಷ ದುಡಿದ ವಾರ್ಡಿನಲ್ಲೇ ಗಂಟೆ ತುಂಬಿಸಿಕೊಂಡು ಕೂರುವ ಹಾಗಿಲ್ಲ. ಮೂಳೆ ಕೀಲಿನ ವಿಭಾಗ, ಉಸಿರಾಟದ ತೊಂದರೆಯವರು, ನರದ ಕಾಯಿಲೆಯವರು, ಹೀಗೆ ಬೇರೆ ಬೇರೆ ಕಡೆ ಹೋಗಿ ಕಲಿಯಬೇಕು. ಕೊನೆಗೆ ಆರೋಗ್ಯ ಮತ್ತು ಆರೈಕೆ ವೃತ್ತಿಗಳ ಮಂಡಳಿಯ ಪಟ್ಟಿಯಲ್ಲಿ ಹೆಸರು ಬರಬೇಕು. ಆ ಪಟ್ಟಿಯಲ್ಲಿ ಹೆಸರಿಲ್ಲದವನು ಅಲ್ಲಿ ಫಿಸಿಯೋಥೆರಪಿಸ್ಟ್ ಎಂದು ಬೋರ್ಡು ಹಾಕಿಕೊಂಡರೆ ಅದು ಅಪರಾಧ. ಪಟ್ಟಿಗೆ ಬಂದ ಮೇಲೆ ಯಾರು ಯಾವ ದಾರಿಯಿಂದ ಬಂದರು ಎಂದು ಯಾರೂ ಕೇಳುವುದಿಲ್ಲ.

ದುಡ್ಡು ಎಲ್ಲಿಂದ?

ವ್ಯಾಪಾರಸ್ಥ ಓದುಗರು ಇಷ್ಟು ಹೊತ್ತಿಗೆ ಕೇಳಿಯೇ ಕೇಳಿರುತ್ತಾರೆ: ಫೀಸು ಯಾರಪ್ಪನ ಗಂಟಿನಿಂದ ಬರುತ್ತದೆ? ನ್ಯಾಯವಾದ ಪ್ರಶ್ನೆ.

2017ರ ಏಪ್ರಿಲ್‌ನಲ್ಲಿ ಬ್ರಿಟನ್ ಸರ್ಕಾರ ಒಂದು ಕಾನೂನು ಜಾರಿಗೆ ತಂದಿತು. ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಹೆಚ್ಚು ಸಂಬಳ ಬಟವಾಡೆ ಮಾಡುವ ಯಾವುದೇ ಸಂಸ್ಥೆ, ಅದು ಕಾರ್ಖಾನೆಯಾಗಲಿ ಆಸ್ಪತ್ರೆಯಾಗಲಿ, ಆ ಬಟವಾಡೆಯ ಮೇಲೆ ನೂರಕ್ಕೆ ಅರ್ಧ ಪೌಂಡ್ ಅಪ್ರೆಂಟಿಸ್ ತೆರಿಗೆ ಕಟ್ಟಬೇಕು. ಇಂಗ್ಲೆಂಡಿನಲ್ಲಿ ಆ ದುಡ್ಡು ಸಂಸ್ಥೆಯ ಹೆಸರಿನಲ್ಲೇ ಒಂದು ಖಾತೆಯಲ್ಲಿ ಕೂರುತ್ತದೆ. ತನ್ನ ಜನರ ತರಬೇತಿಗೆ ಖರ್ಚು ಮಾಡಿದರೆ ಸರಿ. ಗೊತ್ತಾದ ಅವಧಿಯೊಳಗೆ ಮಾಡದಿದ್ದರೆ ಸರ್ಕಾರದ ಪಾಲು. ದೊಡ್ಡ ದೊಡ್ಡ ಆಸ್ಪತ್ರೆಗಳೆಲ್ಲ ಈ ತೆರಿಗೆಯ ಬಲೆಗೆ ಬಿದ್ದವು. ಕಟ್ಟಿದ ದುಡ್ಡು ಕೈಬಿಟ್ಟು ಹೋಗುವುದಕ್ಕಿಂತ ನಮ್ಮ ಆಯಾಗಳನ್ನೇ ಓದಿಸೋಣ ಎಂಬ ಬುದ್ಧಿ ತಾನಾಗಿ ಬಂತು. ಎಷ್ಟಾದರೂ ಕಳೆದುಹೋಗುವ ಕಾಸಿಗೆ ಇರುವ ಬೆಲೆ ಕೈಯಲ್ಲಿರುವ ಕಾಸಿಗೆ ಇಲ್ಲವಲ್ಲ!

ಇನ್ನೊಂದು ಕಾರಣವೂ ಉಂಟು. ಅದೇ 2017ರಲ್ಲಿ, ಆಗಸ್ಟ್‌ನಿಂದ, ನರ್ಸಿಂಗ್, ಫಿಸಿಯೋಥೆರಪಿ ಓದಲು ಹೊಸದಾಗಿ ಸೇರುವ ಇಂಗ್ಲೆಂಡಿನ ಮಕ್ಕಳಿಗೆ ಸರ್ಕಾರ ಕೊಡುತ್ತಿದ್ದ ವಿದ್ಯಾರ್ಥಿವೇತನವನ್ನು ಕಿತ್ತುಹಾಕಿ, ಸಾಲ ಮಾಡಿ ಓದಿ ಎಂದಿತು. ಫೀಸು ಆಗ ವರ್ಷಕ್ಕೆ 9,250 ಪೌಂಡ್, 2025ರಲ್ಲಿ ಅದು 9,535ಕ್ಕೆ ಏರಿತು. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಗಲಾಟೆ ಎದ್ದ ಮೇಲೆ 2020ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 5,000 ಪೌಂಡ್ ಸಹಾಯಧನ ಕೊಡತೊಡಗಿದರು, ಆದರೆ ಫೀಸಿನ ಸಾಲ ಹಾಗೇ ಉಳಿಯಿತು. ಮನೆ, ಮಕ್ಕಳು, ಬಾಡಿಗೆ ಇರುವ ಮೂವತ್ತೈದರ ಹೆಂಗಸು ಇಷ್ಟು ಸಾಲ ಹೊತ್ತು ಕಾಲೇಜಿಗೆ ಹೋಗುವಳೇ? ಅವಳಿಗೆ ಉಳಿದದ್ದು ಇದೊಂದೇ ದಾರಿ.

2023ರ ಜೂನ್‌ನಲ್ಲಿ ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಒಂದು ದೊಡ್ಡ ಯೋಜನೆ ಪ್ರಕಟಿಸಿತು. ರೋಗಿಗಳನ್ನು ನೋಡುವ ಸಿಬ್ಬಂದಿಯ ತರಬೇತಿಯಲ್ಲಿ ಆಗ ನೂರಕ್ಕೆ 7ರಷ್ಟಿದ್ದ ಅಪ್ರೆಂಟಿಸ್ ಪಾಲನ್ನು 2031-32ರ ಹೊತ್ತಿಗೆ ನೂರಕ್ಕೆ 22ಕ್ಕೆ ಏರಿಸುತ್ತೇವೆ ಎಂದಿತು. ಯೋಜನೆ ಕಾಗದದ ಮೇಲೆ ಚೆನ್ನಾಗಿಯೇ ಇರುತ್ತದೆ, ಅದು ನಮಗೂ ಗೊತ್ತು. ಆದರೂ ಇಂಥದೊಂದು ಅಂಕಿ ಬರೆದಿಡಲು ಒಂದು ಮನಸ್ಸು ಬೇಕು.

ನಾಲ್ಕು ನರ್ಸುಗಳು

ಆಯಾಗಳು ವಾರ್ಡ್‌ಬಾಯ್‌ಗಳು ಫಿಸಿಯೋಥೆರಪಿಸ್ಟ್ ಆಗುವುದೇ? ಎಂದು ಮೂಗು ಮುರಿಯುವ ಪಂಡಿತರಿಗೆ ಒಂದು ಹಳೇ ಕಥೆ ಹೇಳಬೇಕು. ಈ ವೃತ್ತಿ ಹುಟ್ಟಿದ್ದೇ ಆಸ್ಪತ್ರೆಯ ಕೆಲಸಗಾರರ ಕೈಯಲ್ಲಿ.

1894ರಲ್ಲಿ ಲಂಡನ್ನಿನಲ್ಲಿ ಮಸಾಜ್ ಹೆಸರಿನಲ್ಲಿ ಬೇರೆಯದೇ ದಂಧೆ ನಡೆಯುತ್ತಿದೆ ಎಂದು ವೈದ್ಯರ ಪತ್ರಿಕೆಯೇ ಬರೆದು ರಂಪವಾಯಿತು. ಪ್ರಾಮಾಣಿಕವಾಗಿ ರೋಗಿಗಳ ಕೈಕಾಲು ತಿಕ್ಕಿ ಸರಿಮಾಡುತ್ತಿದ್ದವರ ಮಾನವೂ ಬೀದಿಗೆ ಬಂತು. ಆಗ ನಾಲ್ಕು ಜನ ನರ್ಸುಗಳು ಸೇರಿ ಒಂದು ಸಂಘ ಕಟ್ಟಿದರು. ವೈದ್ಯರ ಸೂಚನೆ ಇಲ್ಲದೆ ಮಸಾಜ್ ಇಲ್ಲ, ಪರೀಕ್ಷೆ ಪಾಸಾಗದೆ ಸರ್ಟಿಫಿಕೇಟ್ ಇಲ್ಲ ಎಂದು ತಮಗೆ ತಾವೇ ಬಿಗಿಯಾದ ಕಟ್ಟಳೆ ಹಾಕಿಕೊಂಡರು. 1920ರಲ್ಲಿ ಆ ಸಂಘಕ್ಕೆ ರಾಜನ ಸನ್ನದು ಸಿಕ್ಕಿತು. 1960ರಲ್ಲಿ ಸರ್ಕಾರವೇ ನೋಂದಣಿಯ ಕಾನೂನು ಮಾಡಿತು. ಇವತ್ತು ಬ್ರಿಟನ್ನಿನ ಫಿಸಿಯೋಥೆರಪಿಸ್ಟರ ಚಾರ್ಟರ್ಡ್ ಸೊಸೈಟಿ ಎನ್ನುವುದು ಆ ನಾಲ್ವರು ನೆಟ್ಟ ಗಿಡ.

ಈ ಕಥೆಯಲ್ಲಿ ಎರಡು ನೀತಿ ಇವೆ. ಕೆಲಸ ಮಾಡುವ ಕೈಗೆ ವಿದ್ಯೆ ಸೇರಿದರೆ ವೃತ್ತಿಯೇ ಹುಟ್ಟುತ್ತದೆ ಎಂಬುದು ಒಂದು. ಪರೀಕ್ಷೆ ಇಲ್ಲದ ಸರ್ಟಿಫಿಕೇಟು ವೃತ್ತಿಯ ಮಾನ ಕಳೆಯುತ್ತದೆ ಎಂಬುದು ಇನ್ನೊಂದು. ಎರಡನೆಯದನ್ನು ಯಾಕೆ ಒತ್ತಿ ಹೇಳುತ್ತಿದ್ದೇವೆಂದರೆ, ನಮ್ಮ ವಾರ್ಡ್‌ಬಾಯ್ ಇನ್ನೊಂದು ಮಾತನ್ನೂ ಹೇಳಿದ್ದ. ಯಾರೋ ಅವನ ಹತ್ತಿರ ಬಂದು, ಆರು ಭಾನುವಾರ ಕ್ಲಾಸಿಗೆ ಬಾ, ಸರ್ಟಿಫಿಕೇಟ್ ಕೊಡ್ತೀವಿ, ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸೆಂಟರ್ ಹಾಕ್ಕೋ ಎಂದಿದ್ದರಂತೆ. ‘ಮನಸ್ಸು ಬರಲಿಲ್ಲ ಸಾರ್. ಯಾರದ್ದಾದ್ರೂ ಮೂಳೆ ಮುರಿದುಬಿಟ್ರೆ?’ ಎಂದ. ಅವನಿಗಿರುವ ಭಯ ಸರ್ಟಿಫಿಕೇಟ್ ಮಾರುವವರಿಗೆ ಇಲ್ಲವಲ್ಲ! ನ್ಯಾಯವಾದ ಮೆಟ್ಟಿಲು ಇಲ್ಲದ ಕಡೆ ಹಿಂಬಾಗಿಲು ತೆರೆದುಕೊಳ್ಳುತ್ತದೆ. ಸೊಂಟನೋವೆಂದು ಅಲ್ಲಿಗೆ ಹೋಗುವವರು ನಾವು ನೀವೇ.

ಕಹಿಯೂ ಇದೆ

ಇಂಗ್ಲೆಂಡಿನಲ್ಲಿ ಎಲ್ಲ ಹಾಲುಜೇನು ಎಂದು ನಾವು ಬರೆಯುತ್ತಿಲ್ಲ. ನರ್ಸ್ ಹೆಣ್ಣುಮಗಳು ಅದನ್ನೂ ಬಿಚ್ಚಿ ಹೇಳಿದಳು.

‘ಅವಳ ಓದುವ ದಿನ ಬೆಳಿಗ್ಗೆ ಫೋನ್ ಬರುತ್ತೆ ಸಾರ್. ಇವತ್ತು ಜನ ಇಲ್ಲ, ಒಂದರ್ಧ ದಿನ ಬಂದು ಹೋಗು ಅಂತ. ಇಲ್ಲ ಅನ್ನೋಕೆ ನಾಲಿಗೆ ಬರಲ್ಲ. ಅದೇ ವಾರ್ಡು, ಅದೇ ಜನ. ರಾತ್ರಿ ಮಕ್ಕಳು ಮಲಗಿದ ಮೇಲೆ ಪುಸ್ತಕ ತೆಗೀತಾಳೆ.’

ಗುಟ್ಟು ಇಲ್ಲಿದೆ. ಆ ತೆರಿಗೆಯ ದುಡ್ಡನ್ನು ಪಾಠಕ್ಕೆ, ಪರೀಕ್ಷೆಗೆ ಮಾತ್ರ ಬಳಸಬಹುದು. ಓದಲು ಹೋದವಳ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿದರೆ ಅವರ ಸಂಬಳ ಆಸ್ಪತ್ರೆಯದ್ದೇ. ಹಾಗಾಗಿ ಬದಲಿ ಜನ ಬರುವುದಿಲ್ಲ, ಕೆಲಸ ಕಡಿಮೆಯಾಗುವುದಿಲ್ಲ, ಓದು ರಾತ್ರಿಗೆ ಸರಿಯುತ್ತದೆ. ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಹುಡುಗನನ್ನು ರಾತ್ರಿ ಶಾಲೆಗೆ ಕಳಿಸುತ್ತೇನೆ ಎಂದು ಊರೆಲ್ಲ ಹೇಳಿ, ಗಿರಾಕಿ ಜಾಸ್ತಿ ಇದ್ದಾರೆ, ಇವತ್ತೊಂದಿನ ನಿಲ್ಲೋ ಎಂದು ದಿನಾ ಹೇಳಿದರೆ ಅವನು ಓದಿದ ಹಾಗೇ! ಕಲಿಯುವವನನ್ನು ಕೆಲಸದ ತಲೆಲೆಕ್ಕದಲ್ಲಿ ಹಿಡಿದ ಕ್ಷಣವೇ ಅಪ್ರೆಂಟಿಸ್ ಎಂಬ ಹೆಸರು ಅಗ್ಗದ ಕೂಲಿಗೆ ಇನ್ನೊಂದು ಹೆಸರಾಗುತ್ತದೆ.

ಇನ್ನೊಂದು ಕಹಿ: 2025ರಲ್ಲಿ ಅಲ್ಲಿ ಹೊಸದಾಗಿ ಪಾಸಾದ ಫಿಸಿಯೋಥೆರಪಿಸ್ಟರಿಗೆ ಖಾಲಿ ಹುದ್ದೆ ಸಾಲದೆ ಕೂಗು ಎದ್ದಿತು. ರೋಗಿಗಳ ಸಾಲು ಉದ್ದವಿದೆ, ಪಾಸಾದವರೂ ಇದ್ದಾರೆ, ನಡುವೆ ಹುದ್ದೆ ಮಂಜೂರು ಮಾಡುವ ದುಡ್ಡಿಲ್ಲ. ಈ ರಾಗ ಎಲ್ಲೋ ಕೇಳಿದ ಹಾಗಿದೆಯೇ?

ನಮ್ಮ ಗತಿ

ಈಗ ನಮ್ಮ ಊರಿಗೆ ಬರೋಣ. ಅಪ್ರೆಂಟಿಸ್ ಕಾಯಿದೆ ನಮ್ಮ ದೇಶದಲ್ಲಿ 1961ರಿಂದ ಇದೆ. 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವೀಧರರೂ ಅದರೊಳಗೆ ಬಂದರು. 2020ರಲ್ಲಿ ಯು.ಜಿ.ಸಿ. ಪದವಿ ಓದಿನ ಒಳಗೇ ಅಪ್ರೆಂಟಿಸ್‌ಶಿಪ್ ಸೇರಿಸಲು ಮಾರ್ಗಸೂಚಿ ಹೊರಡಿಸಿತು. ಫಿಸಿಯೋಥೆರಪಿಗೂ ಕಾನೂನು ಬಂದಾಯಿತು. ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಪಾಸಾಗಿದ್ದು 2021ರಲ್ಲಿ. ಯಾರು ಈ ವೃತ್ತಿಯವರು, ಯಾರು ಅಲ್ಲ ಎಂದು ಪಟ್ಟಿ ಇಡುವುದು ಆ ಕಾಯಿದೆಯ ಕೆಲಸ. ಒಳ್ಳೆಯದೇ ಆಯಿತು.

ಆದರೆ ಈ ಕಾನೂನುಗಳು ಒಂದರ ಮುಖ ಒಂದು ನೋಡುವುದಿಲ್ಲ. ಬಿಪಿಟಿ ಎಂದರೆ ನಮ್ಮಲ್ಲಿ ನಾಲ್ಕು ವರ್ಷ ದಿನಪೂರ್ತಿ ಕಾಲೇಜು, ಮೇಲೆ ಆರು ತಿಂಗಳು ಇಂಟರ್ನ್‌ಶಿಪ್ ಎಂದು ನಡೆದುಬಂದಿದೆ. ಆಯೋಗ 2025ರಲ್ಲಿ ಹೊರತಂದ ಹೊಸ ಪಠ್ಯಕ್ರಮದಲ್ಲಿ ಇದು ಐದು ವರ್ಷ, ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಓದು ಗಟ್ಟಿಯಾಗಲಿ, ನಮ್ಮ ತಕರಾರಿಲ್ಲ. ಆದರೆ ವರ್ಷ ಹೆಚ್ಚಿದಷ್ಟೂ ಪಗಾರ ಬಿಟ್ಟು ಓದಲಾರದವನಿಗೆ ಗೋಡೆ ಎತ್ತರವಾಯಿತು. ಆ ಗೋಡೆಗೆ ಒಂದು ಏಣಿ ಹಾಕುವುದು ಯಾರ ಕೆಲಸ?

ನಾವು ಕೇಳುವುದು ಇಷ್ಟೇ. ಆಸ್ಪತ್ರೆಯಲ್ಲಿ ಐದಾರು ವರ್ಷ ದುಡಿದ, ಪಿಯುಸಿ ವಿಜ್ಞಾನ ಪಾಸಾದ ಕೆಳಹಂತದ ನೌಕರರಿಗೆ, ಕಾಯಂ ಇರಲಿ ಗುತ್ತಿಗೆ ಇರಲಿ, ಫಿಸಿಯೋಥೆರಪಿ ಕಾಲೇಜುಗಳಲ್ಲಿ ಕೆಲವು ಸೀಟು ಮೀಸಲಿಡಿ. ಓದುವ ದಿನಗಳಿಗೂ ಪಗಾರ ಕೊಡಿ. ಅವರ ಜಾಗಕ್ಕೆ ಬದಲಿ ಆಳು ಕೊಡಿ. ಇಂಗ್ಲೆಂಡಿನವರು ಎಡವಿದ್ದು ಇಲ್ಲೇ, ನಾವೂ ಅದೇ ಕಲ್ಲಿಗೆ ಎಡವುವುದು ಬೇಡ. ಓದು ಮುಗಿದ ಮೇಲೆ ಇಷ್ಟು ವರ್ಷ ಇದೇ ಜಿಲ್ಲೆಯಲ್ಲಿ ಕೆಲಸ ಮಾಡಬೇಕೆಂದು ಬೇಕಾದರೆ ಬರೆಸಿಕೊಳ್ಳಿ. ಪರೀಕ್ಷೆಯಲ್ಲಿ ಒಂದು ಮಾರ್ಕೂ ರಿಯಾಯಿತಿ ಬೇಡ.

ಇದಕ್ಕೆ ಆಕ್ಷೇಪ ಬರುತ್ತದೆ, ಗೊತ್ತು. ‘ಈಗಾಗಲೇ ಬಿಪಿಟಿ ಮುಗಿಸಿದ ನಮ್ಮ ಮಕ್ಕಳೇ ಜುಜುಬಿ ಸಂಬಳಕ್ಕೆ ದುಡೀತಿದ್ದಾರೆ, ಅದರ ಮೇಲೆ ಇವರನ್ನು ಬೇರೆ ತರ್ತೀರಾ?’ ಎಂದು ಆ ಮಕ್ಕಳ ತಂದೆತಾಯಿ ಕೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಏಣಿ ಕಿತ್ತುಹಾಕುವುದಲ್ಲ, ಹುದ್ದೆ ಹೆಚ್ಚಿಸುವುದು. ಇಡೀ ಆಸ್ಪತ್ರೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದರೆ ಲಕ್ವ ಹೊಡೆದವನ ಪಾಲಿಗೆ ಬರುವುದು ಹತ್ತು ನಿಮಿಷ. ಮೊದಲ ಕೆಲವು ವಾರಗಳಲ್ಲಿ ಸರಿಯಾಗಿ ಕೈಕಾಲು ಆಡಿಸಿ ನಡೆಸಿದರೆ ಎದ್ದು ಓಡಾಡಬಹುದಾದವನು, ಅದು ಸಿಗದೆ ಹಾಸಿಗೆಗೆ ಅಂಟಿಕೊಂಡರೆ ಆ ಮನೆಯ ಇನ್ನೊಬ್ಬರ ದುಡಿಮೆಯೂ ಹೋಯಿತು. ಅಂಗಡಿ ಮುಚ್ಚಿತು, ಮಗಳ ಓದು ನಿಂತಿತು. ಈ ನಷ್ಟ ಯಾವ ಬಜೆಟ್ಟಿನ ಪುಸ್ತಕದಲ್ಲೂ ಬರೆದಿರುವುದಿಲ್ಲ.

ಓದಿದವರು ಊರಲ್ಲಿ ನಿಲ್ಲುವುದಿಲ್ಲ, ಬೆಂಗಳೂರಿಗೋ ಪರದೇಶಕ್ಕೋ ಹೋಗುತ್ತಾರೆ ಎಂದು ಅಧಿಕಾರಿಗಳು ಗೊಣಗುತ್ತಾರೆ. ಹೌದು ಸ್ವಾಮಿ, ಹೋಗುತ್ತಾರೆ. ಆದರೆ ಏಳು ವರ್ಷ ಇದೇ ವಾರ್ಡಿನಲ್ಲಿ ದುಡಿದು, ಇದೇ ಊರಲ್ಲಿ ಮನೆ ಮಠ ಮಾಡಿಕೊಂಡು, ರೋಗಿಯ ಜೊತೆ ಅವನ ಭಾಷೆಯಲ್ಲೇ ಮಾತಾಡುವ ಹುಡುಗನನ್ನು ಓದಿಸಿ ನೋಡಿ. ಅವನು ಎಲ್ಲಿಗೂ ಓಡುವವನಲ್ಲ.

ಆ ಗಂಜ್‌ನ ಯಜಮಾನರು ಮೊನ್ನೆ ಕೋಲೂರಿಕೊಂಡು ಅಂಗಡಿಗೆ ಬಂದರು. ಮೂರು ಮೆಟ್ಟಿಲು ಹತ್ತಲು ಐದು ನಿಮಿಷ ಹಿಡಿಯಿತು, ಆದರೆ ಹತ್ತಿದರು. ಗಲ್ಲಾದ ಹಿಂದೆ ಕೂತು ನಮಗೆ ಚಹಾ ತರಿಸಿ ಹೇಳಿದ ಮೊದಲ ಮಾತು: ‘ಡಾಕ್ಟ್ರು ಜೀವ ಉಳಿಸಿದ್ರು, ಆದ್ರೆ ಮೆಟ್ಲು ಹತ್ತಿಸಿದವನು ಆ ಹುಡುಗ.’

ಊರವರನ್ನು ಮೆಟ್ಟಿಲು ಹತ್ತಿಸುವವನಿಗೆ ಹತ್ತಲು ಒಂದು ಮೆಟ್ಟಿಲು ಬೇಡವೇ? ಆರೋಗ್ಯ ಇಲಾಖೆಯವರು, ವಿಶ್ವವಿದ್ಯಾಲಯದವರು, ಆಯೋಗದವರು ಉತ್ತರ ಹೇಳಲಿ. ನಮ್ಮ ಶಾಸಕರು ಸದನದಲ್ಲಿ ಈ ಪ್ರಶ್ನೆ ಎತ್ತಲಿ. ಎತ್ತುವ ತನಕ ನಾವು ಬಿಡುವವರಲ್ಲ.